ಅಯಸ್ಕಾಂತಕ್ಕೆ ಅಂಟಿದ ಬಳೆ

ಆ ಭಾನುವಾರದ ದಿನಚರಿಯಲ್ಲಿ ನಾನು ಬರೆದಿರುವುದು ಎರಡೇ ಪದ: "ಕಬ್ಬಿಣ. ಮೋಸ." ಪೆನ್ನನ್ನು ಎಷ್ಟು ಒತ್ತಿ ಬರೆದಿದ್ದೇನೆಂದರೆ ಮುಂದಿನ ಹಾಳೆಯ ಮೇಲೂ ಗೀರು ಮೂಡಿದೆ. ಅವತ್ತಿನಿಂದ ನನ್ನ ಮಗಳು ನನ್ನ ಮನೆಗೆ ಬರುವುದನ್ನು ನಿಲ್ಲಿಸಿದಳು. ಉಳಿದದ್ದನ್ನೆಲ್ಲ ನೆನಪಿನಿಂದ ಬರೆಯಬೇಕು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅದು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ನಾವು ಮೈಸೂರಿನ ಕಡೆಯವರು. ಗಂಡನ ರೈಲ್ವೆ ಕೆಲಸಕ್ಕೆಂದು ಕೋಲ್ಕತ್ತಾಕ್ಕೆ ಬಂದವರು ಬಾಲಿಗಂಜಿನ ಈ ಫ್ಲ್ಯಾಟಿನಲ್ಲೇ ಉಳಿದುಕೊಂಡೆವು. ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದೆ. ಮಗಳು ಇಲ್ಲೇ ಹುಟ್ಟಿ ಬೆಳೆದು, ಬಂಗಾಳಿ ಹುಡುಗನನ್ನು ಮದುವೆಯಾಗಿ ಊರಿನ ಉತ್ತರ ತುದಿಯ ಬಾರಾನಗರಕ್ಕೆ ಹೋದಳು. ಆ ಮನೆಯಲ್ಲಿ ಇರುವುದು ಅಳಿಯ ಮತ್ತು ಅವನ ತಾಯಿ, ಇಬ್ಬರೇ. ಆಕೆಯ ಗಂಡ ತೀರಿಕೊಂಡು ಬಹಳ ವರ್ಷಗಳಾಗಿವೆ. ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಆಕೆ ನನ್ನ ಮಗಳ ಎಡಗೈಗೆ ಒಂದು ತೆಳುವಾದ ಬಳೆ ತೊಡಿಸಿದ್ದರು.

ಎರಡು ದಿನ ಬಿಟ್ಟು ಆರತಕ್ಷತೆಗೆ ಹೋದಾಗ ನಾನು ಆ ಬಳೆಯನ್ನು ನೋಡಿದೆ. ನೋಡಿದೆ ಎಂದರೆ, ಮಗಳ ಗೋರಂಟಿ ಎಷ್ಟು ಕೆಂಪಾಗಿದೆ ನೋಡೋಣ ಎಂಬ ನೆಪದಲ್ಲಿ ಅವಳ ಕೈ ಹಿಡಿದು, ಬಳೆಯನ್ನು ತಿರುಗಿಸಿ ಒಳಮೈಯಲ್ಲಿ ಚಿನ್ನದ ಶುದ್ಧತೆಯ ಮುದ್ರೆ ಹುಡುಕಿದೆ. ಮುದ್ರೆ ಇರಲಿಲ್ಲ. ಈ ವಿಷಯವನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಆದರೆ ಸಿಟ್ಟು ಎಲ್ಲಿಂದ ಶುರುವಾಯಿತು ಎಂದು ಪ್ರಾಮಾಣಿಕವಾಗಿ ಬರೆಯುವುದಾದರೆ ಅಲ್ಲಿಂದಲೇ ಬರೆಯಬೇಕು.

ನಮ್ಮ ಕಡೆಯಿಂದ ಕೊಟ್ಟ ನಾಲ್ಕು ಬಳೆಗಳನ್ನು ನಾನೇ ಗರಿಯಾಹಾಟಿನ ಅಂಗಡಿಯಲ್ಲಿ ಕೂತು ಆರಿಸಿದ್ದೆ. ಪ್ರತಿಯೊಂದರ ಒಳಗೂ ಹಾಲ್‌ಮಾರ್ಕ್ ಇತ್ತು, ಇಪ್ಪತ್ತೆರಡು ಕ್ಯಾರೆಟ್ಟಿನ ೯೧೬ ಇತ್ತು, ಅಂಗಡಿಯವನ ಭೂತಗನ್ನಡಿಯಲ್ಲಿ ಮಾತ್ರ ಕಾಣುವ ಆರು ಅಕ್ಷರ-ಅಂಕಿಗಳ ಗುರುತೂ ಇತ್ತು. ಸಾವಿರ ಪಾಲಿನಲ್ಲಿ ಒಂಬೈನೂರ ಹದಿನಾರು ಪಾಲು ಚಿನ್ನ, ಮಿಕ್ಕದ್ದು ತಾಮ್ರ, ಬೆಳ್ಳಿ. ಆ ಮಿಕ್ಕದ್ದು ಇಲ್ಲದೆ ಆಗುವುದಿಲ್ಲ. ಅಪರಂಜಿಯಲ್ಲೇ ಬಳೆ ಮಾಡಿಸಿದರೆ ಮಿನಿಬಸ್ಸಿನ ಕಂಬಿಯನ್ನು ನಾಲ್ಕು ದಿನ ಹಿಡಿದು ನಿಂತರೆ ಸಾಕು, ಸೊಟ್ಟಗಾಗಿ ಕೂರುತ್ತದೆ. ಇದನ್ನೆಲ್ಲ ನಾನು ಮಗಳಿಗೆ ಹೇಳಿಕೊಟ್ಟಿದ್ದೆ. ಗಾಜಿನ ಬಳೆಯ ಪಕ್ಕದಲ್ಲಿ ಚಿನ್ನದ ಬಳೆ ಹಾಕಬೇಡ, ಸವೆಯುತ್ತದೆ. ಈಜುಕೊಳಕ್ಕೆ ಹೋಗುವಾಗ ತೆಗೆದಿಡು, ಕ್ಲೋರಿನ್ ಬೆಸುಗೆಯನ್ನು ತಿನ್ನುತ್ತದೆ. ಸೆಂಟು, ಕ್ರೀಮು ಎಲ್ಲ ಹಚ್ಚಿ ಮುಗಿದ ಮೇಲೆ ಒಡವೆ ತೊಡು. ಟೂತ್‌ಪೇಸ್ಟಿನಲ್ಲಿ ಉಜ್ಜಬೇಡ, ಗೀರು ಬೀಳುತ್ತದೆ. ನನ್ನ ತಾಯಿ ಅಂಟುವಾಳದ ನೀರಿನಲ್ಲಿ ಒಡವೆಗಳನ್ನು ನೆನೆಹಾಕುತ್ತಿದ್ದರು. ಇಲ್ಲಿ ಅಂಟುವಾಳ ಹುಡುಕುತ್ತಾ ಹೋಗುವವರು ಯಾರು? ಹಾಗಾಗಿ ನಾನು ಹೇಳಿದ್ದು ಉಗುರುಬೆಚ್ಚಗಿನ ನೀರು, ಎರಡು ಹನಿ ಸೋಪು, ವಾರಕ್ಕೊಮ್ಮೆ ಅರ್ಧ ಗಂಟೆ. ಮಗಳು ನನ್ನ ಯಾವ ಮಾತನ್ನೂ ಕೇಳದವಳು ಇದೊಂದನ್ನು ಚಾಚೂ ತಪ್ಪದೆ ಪಾಲಿಸಿದಳು.

ಮದುವೆಯಾಗಿ ಎಂಟು ತಿಂಗಳಾದ ಮೇಲಿನ ಒಂದು ಭಾನುವಾರ ಅವಳೂ ಅತ್ತೆಯೂ ನಮ್ಮಲ್ಲಿಗೆ ಊಟಕ್ಕೆ ಬಂದರು. ಅಳಿಯ ಡ್ಯೂಟಿಗೆ ಹೋಗಿದ್ದ. ಬೀಗಿತ್ತಿ ಹಾಲಿನಲ್ಲಿ ಕೂತಿದ್ದರು. ಮಗಳು ಅಡುಗೆಮನೆಯಲ್ಲಿ ಕೈಯಲ್ಲಿದ್ದುದನ್ನೆಲ್ಲ ಬಿಚ್ಚಿ ಬೋಗುಣಿಯ ಸೋಪುನೀರಿಗೆ ಹಾಕಿ, ಹಪ್ಪಳ ಕರಿಯತೊಡಗಿದಳು. ಅರ್ಧ ಗಂಟೆಯ ಮೇಲೆ ನಾನು ಒಂದೊಂದನ್ನೇ ತೆಗೆದು ಬಿಳಿಯ ಟವೆಲಿನಲ್ಲಿ ಒರೆಸಿದೆ. ನನ್ನ ನಾಲ್ಕು ಬಳೆಗಳು ಹೊಳೆದವು. ಐದನೆಯದು, ಆ ಮನೆಯದು, ಟವೆಲಿನ ಮೇಲೆ ಕಂದು ಕಲೆ ಬಿಟ್ಟಿತು. ಮತ್ತೆ ಒರೆಸಿದೆ. ಮತ್ತೆ ಕಲೆ. ಒಂದು ಕಡೆ ಚಿನ್ನದ ಮೈ ಕೂದಲೆಳೆಯಷ್ಟು ಬಿರಿದು ಉಬ್ಬಿತ್ತು.

ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ. ಫ್ರಿಜ್ಜಿನ ಬಾಗಿಲಲ್ಲಿ ಹಳದಿ ಟ್ಯಾಕ್ಸಿಯ ಆಕಾರದ ಮ್ಯಾಗ್ನೆಟ್ ಒಂದಿತ್ತು. ಹತ್ತಿರ ಹಿಡಿದೆ. ಬಳೆ ಟಕ್ಕನೆ ಹಾರಿ ಅಂಟಿಕೊಂಡಿತು.

ಆಗ ನನಗಾದದ್ದನ್ನು ಈಗ ನಾಚಿಕೆಯಿಂದ ಬರೆಯುತ್ತಿದ್ದೇನೆ. ಸಿಟ್ಟು ಬಂತು, ಅದು ನಿಜ. ಆದರೆ ಸಿಟ್ಟಿಗಿಂತ ಒಂದು ಕ್ಷಣ ಮೊದಲು ಸಂತೋಷವಾಯಿತು. ನಾನು ಅಂದುಕೊಂಡದ್ದೇ ಸರಿ ಎಂಬ ಸಂತೋಷ. ಮ್ಯಾಗ್ನೆಟ್ಟಿಗೆ ನೇತಾಡುತ್ತಿದ್ದ ಬಳೆಯನ್ನು ಹಾಗೇ ಹಿಡಿದುಕೊಂಡು ಹಾಲಿಗೆ ಹೋಗಿ ಆಕೆಯ ಮುಖದ ಮುಂದೆ ಹಿಡಿದೆ.

"ಇದೇನು?" ಎಂದಷ್ಟೇ ಕೇಳಿದೆ ಅಂತ ನನ್ನ ನೆನಪು. ಮಗಳು ಹೇಳುವುದೇ ಬೇರೆ. "ನೀನು 'ಯೇ ನಕ್ಲೀ ಹೈ' ಅಂದೆ ಅಮ್ಮಾ. ಟೂ ಟೈಮ್ಸ್. ನಾನು ಅಲ್ಲೇ ನಿಂತಿದ್ದೆ." ಗಂಡನನ್ನು ಕೇಳಿದರೆ, "ನಾನು ಪೇಪರ್ ಓದ್ತಾ ಇದ್ನಲ್ಲ, ನನ್ನನ್ಯಾಕೆ ಎಳೀತೀಯ?" ಎನ್ನುತ್ತಾರೆ. ಮೂವತ್ತು ವರ್ಷದಿಂದ ಈ ಮನುಷ್ಯ ಮುಖ್ಯವಾದ ಪ್ರತಿ ಗಳಿಗೆಯಲ್ಲೂ ಪೇಪರ್ ಓದುತ್ತಿರುತ್ತಾರೆ.

ಬೀಗಿತ್ತಿ ಮೊದಲು ನಕ್ಕರು. ಅದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಆ ನಗು ನನ್ನ ಪರವಾಗಿಲ್ಲ. ನಾವಿಬ್ಬರೂ ಮಾತಾಡುವುದು ಹಿಂದಿ-ಬಂಗಾಳಿ ಕಲಸಿದ ಒಂದು ಭಾಷೆಯಲ್ಲಿ.

"ಕಬ್ಬಿಣ ಇದ್ದೇ ಇರತ್ತಲ್ಲ ಬೇಯಾನ್," ಎಂದರು. ಬೀಗಿತ್ತಿಯನ್ನು ಇಲ್ಲಿ ಹಾಗೆ ಕರೆಯುತ್ತಾರೆ. "ಇದು ನೋಯಾ. ಗಂಡ ಇರೋ ಹೆಂಗಸಿನ ಕೈಯಲ್ಲಿ ಕಬ್ಬಿಣ ಇರ್ಬೇಕು ನಮ್ಮಲ್ಲಿ. ಹುಡುಗಿ ಆಫೀಸಿಗೆ ಹೋಗೋಳು, ಚೆಂದ ಕಾಣ್ಲಿ ಅಂತ ಮೇಲೆ ಚಿನ್ನದ ತಗಡು ಕಟ್ಟಿಸ್ದೆ. ನನ್ನ ಓಲೆ ಕರಗಿಸಿ."

ಅಷ್ಟು ಹೇಳುವಷ್ಟರಲ್ಲಿ ಅವರ ಕಣ್ಣು ನನ್ನ ಮುಖದ ಮೇಲೆ ಬಿತ್ತು. ನಗು ನಿಂತಿತು.

"ನೀವು ಏನಂದ್ಕೊಂಡ್ರಿ?"

ನಾನು ಮ್ಯಾಗ್ನೆಟ್ಟಿನಿಂದ ಬಳೆಯನ್ನು ಬಿಡಿಸಿಕೊಂಡೆ.

"ಇದನ್ನ ಅವಳ ಕೈಯಿಂದ ತೆಗೆದಿದ್ದು ಯಾರು? ನೋಯಾನ ಯಾವತ್ತೂ ತೆಗಿಯಲ್ಲ ನಾವು. ನಾನು ತೆಗೆದಿದ್ದು ಒಂದೇ ದಿನ. ಯಾವ ದಿನ ಅಂತ ನಿಮಗೆ ಹೇಳ್ಬೇಕಾ?"

ಎಲೆ ಹಾಕಿತ್ತು, ಹುಳಿ ಬಡಿಸಿತ್ತು. ಆಕೆ ಚಪ್ಪಲಿ ಮೆಟ್ಟಿ ಹೊರಟರು. ಮಗಳು ಬಳೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ಹಿಂದೆಯೇ ಓಡಿದಳು. ಸಂಜೆ ಫೋನ್ ಮಾಡಿದಳು. ಅವಳ ಕನ್ನಡ ಯಾವಾಗಲೂ ಅಲ್ಲಲ್ಲಿ ಮುಗ್ಗರಿಸುತ್ತದೆ. ಅವತ್ತು ಒಂದು ಕಡೆಯೂ ಮುಗ್ಗರಿಸಲಿಲ್ಲ.

"ನೀನು ಇಲ್ಲಿಗೆ ಬಂದು ಅವರ ಮುಂದೆ ತಪ್ಪಾಯ್ತು ಅಂತ ಹೇಳ್ಬೇಕು. ಅಲ್ಲೀವರೆಗೂ ನಾನು ಅಲ್ಲಿಗೆ ಬರಲ್ಲ."

"ನಿಂಗೆ ಗೊತ್ತಿತ್ತಲ್ಲ ಒಳಗೆ ಕಬ್ಬಿಣ ಇದೆ ಅಂತ? ನಂಗ್ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ಯಾ?" ಎಂದು ಇಟ್ಟುಬಿಟ್ಟಳು.

ಮೂರು ವಾರ ನಾನು ಹೋಗಲಿಲ್ಲ. ಆ ಮೂರು ವಾರದ ದಿನಚರಿಯ ತುಂಬ ವಾದಗಳಿವೆ, ಎಲ್ಲವೂ ನನ್ನವೇ. ಮುದ್ರೆಯಿಲ್ಲದ ಒಡವೆಯನ್ನು ಅನುಮಾನಿಸುವುದು ತಪ್ಪೇ? ಚಿನ್ನದೊಳಗೆ ಕಬ್ಬಿಣವಿಟ್ಟು ಕೊಡುವವರು ಬಾಯಿಬಿಟ್ಟು ಹೇಳಬಾರದೇ? ಗಂಡ ಬದುಕಿರುವುದಕ್ಕೆ ಹೆಂಡತಿಯ ಕೈಗೆ ಕಬ್ಬಿಣವೇಕೆ, ಅವನ ಕೈಗೆ ಹಾಕಲಿ! ಈ ಕೊನೆಯ ವಾದದ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ನನ್ನ ಕೊರಳಲ್ಲಿ ಮಾಂಗಲ್ಯ ಇದ್ದದ್ದು ಗೆರೆ ಎಳೆಯುವಾಗ ಗಮನಕ್ಕೆ ಬಂದಿರಲಿಲ್ಲವೆಂದು ಕಾಣುತ್ತದೆ.

ಆಮೇಲೆ, ಇಲ್ಲಿನವರ ಈ ಪದ್ಧತಿ ನನಗೆ ಗೊತ್ತೇ ಇರಲಿಲ್ಲ ಎಂದು ಸಾಧಿಸಲು ಹಳೆಯ ದಿನಚರಿಗಳನ್ನು ತೆಗೆದೆ. ಮಗಳು ಶಾಲೆಗೆ ಹೋಗುತ್ತಿದ್ದ ಕಾಲದ ಒಂದು ಪುಸ್ತಕದಲ್ಲಿ, ನನ್ನದೇ ಅಕ್ಷರದಲ್ಲಿ, ಹೀಗೆ ಇತ್ತು: ಕೆಳಗಿನ ಮನೆಯಾಕೆ ಇವತ್ತು ತನ್ನ ಕಬ್ಬಿಣದ ಬಳೆ ತೋರಿಸಿದರು, ಮೇಲೆ ಚಿನ್ನ ಕಟ್ಟಿಸಿದ್ದಾರೆ, ನೋಡಿದರೆ ಗೊತ್ತೇ ಆಗುವುದಿಲ್ಲ. ಮೂರು ಸಲ ಓದಿದೆ. ಆ ಮಧ್ಯಾಹ್ನ, ಆ ಕೈ, ಆ ಬಳೆ, ಯಾವುದೂ ನೆನಪಿಗೆ ಬರಲಿಲ್ಲ. ನಿಜವಾಗಿ ಮರೆತಿದ್ದೆನೋ, ಬೇಡವಾದಾಗ ಮರೆತೆನೋ? ನನ್ನ ಕೈಬರಹವೇ ನನ್ನ ವಿರುದ್ಧ ನಿಂತಿತ್ತು. ಪುಸ್ತಕವನ್ನು ಗೋಡೆಗೆ ಎಸೆದೆ. ಅದರ ಬೈಂಡು ಕಿತ್ತುಹೋಯಿತು.

ಒಂದು ಆಸೆ ಉಳಿದಿತ್ತು. ಕಬ್ಬಿಣವಿರಲಿ, ಕೆಲಸ ಕಳಪೆಯಾಗಿದ್ದರಿಂದಲೇ ತುಕ್ಕು ಬಂದಿರಬೇಕು. ಮಗಳನ್ನು ಕೇಳಿ ಬಳೆಯ ಫೋಟೋ ತರಿಸಿಕೊಂಡೆ. ಒಂದಕ್ಷರವೂ ಬರೆಯದೆ ಬರೀ ಫೋಟೋ ಕಳಿಸಿದಳು. ಗರಿಯಾಹಾಟಿನ ಸಂದಿಯೊಂದರಲ್ಲಿ ಕೂರುವ ವಯಸ್ಸಾದ ಅಕ್ಕಸಾಲಿಗರೊಬ್ಬರ ಹತ್ತಿರ ಹೋದೆ. ಅವರು ಕನ್ನಡಕವನ್ನು ಹಣೆಗೇರಿಸಿ ಫೋನನ್ನು ಮೂಗಿನ ಹತ್ತಿರ ತಂದುಕೊಂಡು ನೋಡಿದರು.

"ಕೆಲಸ ಚೆನ್ನಾಗೇ ಮಾಡಿದಾನೆ. ನೀರಲ್ಲಿ ನೆನೆಸ್ತಿದ್ರಾ ಬೌದಿ?" ಬೌದಿ ಎಂದರೆ ಅತ್ತಿಗೆ; ಇಲ್ಲಿನ ಅಂಗಡಿಯವರಿಗೆ ನಾವೆಲ್ಲ ಬೌದಿಯರೇ.

"ವಾರಕ್ಕೊಂದ್ಸಲ. ಸೋಪುನೀರಲ್ಲಿ."

"ಅಯ್ಯೋ! ಯಾರು ಹೇಳಿದ್ದು ಹಾಗೆ?"

ನಾನು ಕೈಚಾಚಿ ಫೋಟೋವನ್ನು ಇನ್ನಷ್ಟು ದೊಡ್ಡದು ಮಾಡಿದೆ.

"ಗಟ್ಟಿ ಚಿನ್ನ ನೆನೆಸಿ, ಬೇಕಾದ್ರೆ ದಿನಾ ನೆನೆಸಿ. ಇದು ತಗಡು ಸುತ್ತಿದ್ದು. ಎಷ್ಟೇ ಬಿಗಿ ಮಾಡಿದ್ರೂ ಕೂಡಿಕೆಯಲ್ಲಿ ನೀರು ಇಳಿಯತ್ತೆ. ಒಳಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬತ್ತೆ, ಉಬ್ಬಿ ಚಿನ್ನಾನ ಸೀಳತ್ತೆ. ಒದ್ದೆ ಬಟ್ಟೆಲಿ ಒರೆಸಿ, ತಕ್ಷಣ ಒಣ ಬಟ್ಟೆಲಿ ಒರೆಸ್ಬೇಕು, ಅಷ್ಟೇ." ಫೋನು ಹಿಂದಿರುಗಿಸುತ್ತಾ ನಕ್ಕರು. "ಇನ್ನೊಂದು ಮಾತು. ನಮ್ಮ ಮೆಷಿನ್ನಲ್ಲಿಟ್ಟಿದ್ರೆ ಇದು ಇಪ್ಪತ್ತೆರಡು ಅಂತಾನೇ ತೋರಿಸ್ತಿತ್ತು. ಅದು ಮೇಲಿನ ಚರ್ಮ ಮಾತ್ರ ನೋಡೋದು. ಒರೆಗಲ್ಲೂ ಅಷ್ಟೇ."

ಸಂದಿಯಿಂದ ಹೊರಗೆ ಬಂದು ಸೀರೆ ಅಂಗಡಿಗಳ ಮುಂದಿನ ಗದ್ದಲದಲ್ಲಿ ನಿಂತೆ. ಆಕೆ ಕಿವಿಯದನ್ನು ಬಿಚ್ಚಿ ಮಾಡಿಸಿದ ಬಳೆಯನ್ನು ಮೂವತ್ತಕ್ಕೂ ಹೆಚ್ಚು ಭಾನುವಾರ ಹಾಳುಮಾಡಿದವಳು ನಾನು. ಹಾಳಾದ ಮೇಲೆ ಅದನ್ನೇ ಸಾಕ್ಷಿಯಾಗಿ ಹಿಡಿದವಳೂ ನಾನು. ಇಷ್ಟಾದರೂ ಸಿಟ್ಟು ಇಳಿಯಲಿಲ್ಲ. ಅದಕ್ಕೆ ಹೋಗಲು ಬೇರೆ ಜಾಗವಿರಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ಬಾರಾನಗರಕ್ಕೆ ಹೋದೆ. ಬಾಗಿಲು ತೆಗೆದವಳು ಮಗಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಬೀಗಿತ್ತಿ ಊಟದ ಮೇಜಿನ ಮುಂದೆ ಸೊಪ್ಪು ಬಿಡಿಸುತ್ತಿದ್ದರು. ನಾನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಬಂಗಾಳಿಯಲ್ಲಿ ಎಲ್ಲ ಹೇಳಿದೆ. ತಪ್ಪು ನನ್ನದು, ನೀರಿಗೆ ಹಾಕಲು ಹೇಳಿಕೊಟ್ಟದ್ದು ನಾನು, ತೆಗೆಸಿದ್ದೂ ನಾನು.

"ನೀರಿನ ವಿಷಯ ಬಿಡಿ," ಎಂದರು ತಲೆಯೆತ್ತದೆ. "ಅದು ಗೊತ್ತಿಲ್ದೆ ಆಗಿದ್ದು. ನಾನು ನಿಮ್ಮನೇಲೇ ಕೂತಿದ್ದೆ. ಕೇಳ್ಬಹುದಿತ್ತು. ಕೇಳೋಕೆ ಮೊದಲು ಮ್ಯಾಗ್ನೆಟ್ ತಂದ್ರಿ. ಈಗ ನಿಮ್ಮ ಕತ್ತಿನ ಸರಕ್ಕೆ ನಾನು ಮ್ಯಾಗ್ನೆಟ್ ಹಿಡಿದ್ರೆ ಹೇಗಿರತ್ತೆ?"

"ಹಿಡೀರಿ," ಎಂದೆ. ಕ್ಷಮೆ ಕೇಳಲು ಬಂದವಳ ದನಿಯಾಗಿರಲಿಲ್ಲ ಅದು. ಕೈ ಹಿಂದಕ್ಕೆ ಹೋಯಿತು, ಕೊಕ್ಕೆ ಬಿಚ್ಚಿತು, ಮಾಂಗಲ್ಯದ ಸರವನ್ನು ಸೊಪ್ಪಿನ ಪಕ್ಕದಲ್ಲಿ ಮೇಜಿನ ಮೇಲೆ ಇಟ್ಟೆ.

ಆಕೆ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದರು. "ಪೋರುನ್! ಏಖೋನಿ ಪೋರುನ್!" ಹಾಕ್ಕೊಳ್ಳಿ, ಈಗಲೇ ಹಾಕ್ಕೊಳ್ಳಿ ಎಂದು ಕೂಗುತ್ತಲೇ ಸರವನ್ನೆತ್ತಿ ನನ್ನ ಕೊರಳಿಗೆ ಹಾಕಿ, ಹಿಂದೆ ಬಂದು ಕೊಕ್ಕೆ ಸಿಕ್ಕಿಸಿದರು. ಸೊಪ್ಪಿನ ಮಣ್ಣು ನನ್ನ ಕತ್ತಿಗೆ ಅಂಟಿತು, ಎರಡು ಕೂದಲೂ ಕಿತ್ತುಬಂದವು. "ಮನೇಲಿ ಗಂಡನ್ನ ಇಟ್ಕೊಂಡು ಇಂಥ ಕೆಲಸ ಮಾಡ್ತಾರಾ? ತಲೆ ಕೆಟ್ಟಿದೆ ನಿಮಗೆ. ಓದಿ ಓದಿ ಕೆಟ್ಟಿದೆ!"

"ಅಮ್ಮಾ, ಪ್ಲೀಸ್," ಎಂದಳು ಮಗಳು ಕನ್ನಡದಲ್ಲಿ. "ಡ್ರಾಮಾ ಬೇಡ."

ಡ್ರಾಮಾ ಮಾಡಿದೆನೋ, ನಿಜವಾಗಿಯೇ ಬಿಚ್ಚಿಟ್ಟೆನೋ, ನನಗೂ ತಿಳಿಯದು. ಬೀಗಿತ್ತಿ ಕೈ ತೊಳೆದು, ಸೀರೆಯ ಸೆರಗು ಸರಿಮಾಡಿಕೊಂಡು, ಮಗಳಿಗೆ ಹೊರಡು ಎಂದರು. ಬಳೆ ಕಟ್ಟಿದ ಅಕ್ಕಸಾಲಿಗ ಎರಡು ಬೀದಿ ಆಚೆ ಇದ್ದಾನೆ. ತಗಡು ಬಿಚ್ಚಿಸಿ, ತುಕ್ಕು ಹಿಡಿದದ್ದನ್ನು ತೆಗೆಸಿ, ಹೊಸ ಕಬ್ಬಿಣ ಹಾಕಿಸಬೇಕು.

"ನಾನೂ ಬರ್ತೀನಿ," ಎಂದೆ.

"ಬೇಡ. ನೀವು ಬಂದ್ರೆ ಅವನಿಗೆ ಕ್ಯಾರೆಟ್ಟು, ಒರೆಗಲ್ಲು ಅಂತ ಪಾಠ ಶುರು ಮಾಡ್ತೀರಿ. ಕುಕ್ಕರಲ್ಲಿ ಬೇಳೆ ಇಟ್ಟಿದೀನಿ. ಮೂರು ಸೀಟಿಗೆ ಆರಿಸಿ. ಊಟಕ್ಕೆ ಇಲ್ಲೇ ಇರಿ."

ಅತ್ತೆ ಸೊಸೆ ಇಬ್ಬರೂ ಹೋದರು. ಅವರ ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ಓದಿ ಓದಿ ಕೆಟ್ಟಿದೆ ಎಂದದ್ದಕ್ಕೆ ಕೊಡಬೇಕಾದ ಉತ್ತರವನ್ನು ಜೋಡಿಸತೊಡಗಿದೆ. ಒಳ್ಳೆಯ ಉತ್ತರ, ಮೂರು ಭಾಗದ್ದು. ಎರಡನೆಯ ಭಾಗದಲ್ಲಿರುವಾಗ ಕುಕ್ಕರ್ ಕೂಗಿತು. ಅದು ಎರಡನೆಯ ಸೀಟಿಯೋ ಮೂರನೆಯದೋ, ನನಗೆ ಗೊತ್ತಿರಲಿಲ್ಲ.