ಗುಡ್ಡವ್ವನವರ ಗಚ್ಚಿಗೆ ಬರಬೇಕಿದ್ದ ಕಂಬ

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಓಣಿಯ ಕೊನೆಯ ಮನೆ ಗುಡ್ಡವ್ವನವರದು. ಅಂಚೆ ಇಲಾಖೆಯಲ್ಲಿದ್ದ ಅವರ ಯಜಮಾನರಾದ ಮಹಾದೇವಪ್ಪನವರು ಅದನ್ನು ಕಟ್ಟಿಸಿ, 1991ರ ಮೇ 28ರಂದು, ಬುದ್ಧ ಪೂರ್ಣಿಮೆಯ ದಿನ, ಗೃಹಪ್ರವೇಶ ಮಾಡಿದರು. ಓಣಿಯ ಉಳಿದ ಮನೆಗಳೆಲ್ಲ ಹಂಚಿನವು. ಮೇಲೆ ಸಪಾಟಾದ ಗಚ್ಚಿ ಇದ್ದದ್ದು ಅವರದೊಂದಕ್ಕೇ. ಅವರ ಸಮಾಜದವರು ಈ ಓಣಿಯಲ್ಲಿ ಕಟ್ಟಿದ ಮೊದಲ ಮನೆಯೂ ಅದೇ. ಓಣಿಯವರು ರಸ್ತೆಯಲ್ಲಿ ನಿಂತು ಅವರೊಡನೆ ಚೆನ್ನಾಗಿಯೇ ಮಾತನಾಡುತ್ತಿದ್ದರು. ಹೊಸ್ತಿಲು ದಾಟಿ ಒಂದು ಲೋಟ ನೀರು ಕುಡಿದವರು ಮಾತ್ರ ಇರಲಿಲ್ಲ.

ಅದು ಬದಲಾದದ್ದು 1994ರ ಏಪ್ರಿಲ್ 19, ಮಂಗಳವಾರ. ಎದುರುಮನೆಯ ಅಕ್ಕವ್ವ ಅಂಗಳದ ಹೊರಸಿನ ಮೇಲೆ ಶ್ಯಾವಿಗೆ ಹರವಿ ಪೇಟೆಗೆ ಹೋಗಿದ್ದರು. ಮಳೆ ಬಂತು. ಗುಡ್ಡವ್ವನವರು ಯಾರನ್ನೂ ಕೇಳದೆ ಹೊರಸನ್ನು ತಮ್ಮ ಪಡಸಾಲೆಗೆ ಎಳೆದರು. ಬಿಸಿಲು ಬಿದ್ದ ಮೇಲೆ ಶ್ಯಾವಿಗೆಯನ್ನು ಗಚ್ಚಿಗೆ ಒಯ್ದು ಹರವಿದರು. ಪೇಟೆಯಿಂದ ಬಂದ ಅಕ್ಕವ್ವ ಸ್ವಲ್ಪ ಹೊತ್ತು ಮೆಟ್ಟಿಲ ಬುಡದಲ್ಲೇ ನಿಂತಿದ್ದು, ಆಮೇಲೆ ಮೇಲೆ ಹತ್ತಿ, “ಗುಡ್ಡವ್ವಾ, ನೀರಡಿಕಿ ಆಗೈತಿ, ಒಂದೀಟು ನೀರು ಕೊಡು” ಎಂದರು.

ಮರುವರ್ಷ ಅಕ್ಕವ್ವ ತಾವಾಗಿಯೇ ಹಪ್ಪಳದ ಹಿಟ್ಟು ಹೊತ್ತು ಬಂದರು. ಅವರ ಹಿಂದೆ ಒಬ್ಬೊಬ್ಬರಾಗಿ ಓಣಿಯ ಹೆಂಗಸರೆಲ್ಲ ಬಂದರು. ಚೈತ್ರ ಬಂತೆಂದರೆ ಆ ಗಚ್ಚಿಯ ಮೇಲೆ ಸಂಡಿಗೆ, ಹಪ್ಪಳ, ಶ್ಯಾವಿಗೆ; ಮಧ್ಯಾಹ್ನ ಎಲ್ಲರ ಬುತ್ತಿಯೂ ಅಲ್ಲೇ ಬಿಚ್ಚುತ್ತಿತ್ತು, ಗುಡ್ಡವ್ವನವರ ಶೇಂಗಾ ಚಟ್ನಿ ಎಲ್ಲರ ರೊಟ್ಟಿಯ ಮೇಲೂ ಬೀಳುತ್ತಿತ್ತು.

ಇಷ್ಟೆಲ್ಲವನ್ನೂ ಮಹಾದೇವಪ್ಪನವರು ಕೇಳಿದ್ದರೇ ಹೊರತು ಕಂಡಿರಲಿಲ್ಲ. ಬೆಳಿಗ್ಗೆ ಕಚೇರಿಗೆ ಹೋದವರು ಮರಳುವ ಹೊತ್ತಿಗೆ ಹೆಂಗಸರು ಎಲ್ಲವನ್ನೂ ಎತ್ತಿ ಗಚ್ಚಿ ಗುಡಿಸಿರುತ್ತಿದ್ದರು. ರವಿವಾರ ಗಂಡಸರು ಮನೆಯಲ್ಲಿರುವುದರಿಂದ ಹೆಂಗಸರಿಗೆ ಪುರಸೊತ್ತಿಲ್ಲ. ಅಂದು ಗಚ್ಚಿಯ ಕೆಲಸವೂ ಇಲ್ಲ. ಮಹಾದೇವಪ್ಪನವರು ನಿವೃತ್ತರಾದದ್ದು 2002ರ ಡಿಸೆಂಬರ್ 31ರಂದು. ಮೊಬೈಲ್ ಕಂಪನಿಯೊಂದರ ಮನುಷ್ಯ ಬಂದದ್ದು 2003ರ ಜನವರಿ 17ರಂದು, ಗಚ್ಚಿಯ ಮೇಲೆ ಒಣಗುವ ವಸ್ತು ಒಂದೂ ಇಲ್ಲದ ಕಾಲದಲ್ಲಿ.

“ಗಚ್ಚಿ ಯಾವದಕ್ಕರ ಉಪಯೋಗ ಆಗ್ತೈತೇನ್ರಿ?”

“ವರ್ಷಪೂರ್ತಿ ಖಾಲಿನ ಬಿದ್ದಿರ್ತೈತ್ರಿ” ಎಂದುಬಿಟ್ಟರು ಮಹಾದೇವಪ್ಪನವರು.

ಅಲ್ಲಿ ಮೊಬೈಲ್ ಟವರಿನ ಕಂಬ ನಿಲ್ಲಿಸಲು ಒಪ್ಪಿಗೆಯನ್ನೂ ಕೊಟ್ಟರು. ವಾಸದ ಬಡಾವಣೆಯಾದ್ದರಿಂದ ಅದಕ್ಕೆ ಮಹಾನಗರ ಪಾಲಿಕೆಯ ಅನುಮತಿ ಬೇಕಿತ್ತು. ಅರ್ಜಿ ಹೋಯಿತು. ಅನುಮತಿ ಬರುವ ಮೊದಲೇ ಕಂಪನಿಯ ಕೆಲಸಗಾರರು ಬಂದು, ಕಂಬದ ಕಾಲುಗಳು ಊರುವಲ್ಲಿ ನಾಲ್ಕು ದೊಡ್ಡ ಕೆಂಪು ಚೌಕಗಳನ್ನು ಬರೆದು ಹೋದರು. ಗುಡ್ಡವ್ವನವರು ಅವನ್ನು ಕಂಡು ಕೆಳಗಿಳಿದು ಬಂದರು.

“ಗಚ್ಚಿ ಖಾಲಿ ಐತಿ ಅಂತ ಯಾರು ಹೇಳಿದ್ರಿ ಅವರಿಗೆ?”

“ನಾನ ಹೇಳೀನಿ. ನನ್ನ ಮನಿ ನನಗ ಗೊತ್ತಿಲ್ಲೇನು?”

“ಊರ ಮಂದಿ ವಿಳಾಸ ಎಲ್ಲಾ ಗೊತ್ತು ನಿಮಗ. ನಮ್ಮ ಗಚ್ಚೀದೊಂದು ಗೊತ್ತಿಲ್ಲ.”

ಆ ವರ್ಷ ಯುಗಾದಿ ಏಪ್ರಿಲ್ 2, ಬುಧವಾರ ಬಂದಿತ್ತು. ಒಂದನೆಯ ತಾರೀಖೆಂದು ಕೆಲವರು ಹೇಳುವುದು ತಪ್ಪು. ಹಬ್ಬ ಮುಗಿದರೂ ಯಾರೊಬ್ಬರೂ ಗಚ್ಚಿ ಹತ್ತಲಿಲ್ಲ. ಕಂಬದ ಅಲೆಗಳಿಂದ ಏನಾದೀತೋ ಎಂಬ ಅಂಜಿಕೆ ಕೆಲವರದು. ನಮ್ಮನ್ನು ಕೇಳದೆ ಕೊಟ್ಟರೆಂಬ ಮುನಿಸು ಎಲ್ಲರದು. ಪಾಲಿಕೆಗೆ ಆಕ್ಷೇಪಣೆಯೂ ಹೋಯಿತು. ಅಕ್ಕವ್ವ ತಮ್ಮ ಕಟ್ಟೆಯ ಮೇಲಿಂದಲೇ, “ಅದು ಈಗ ಕಂಪನಿ ಗಚ್ಚಿ ಆತಲ್ಲವ್ವಾ, ನಮ್ಮ ಹಪ್ಪಳಕ್ಕ ಅಲ್ಲೇನ ಜಾಗಾ?” ಎಂದರು.

ಗುಡ್ಡವ್ವನವರು ನಮ್ಮ ಮನೆಗೆ ಬಂದು ಹೇಳಿದ ಮಾತು ನನಗೆ ನೆನಪಿದೆ: “ಕಂಬ ಬಂದ್ರ ಬರಲಿ, ಹ್ವಾದ್ರ ಹೋಗಲಿ. ಹತ್ತಿ ಬಂದ ಮಂದಿ ಒಮ್ಮೆ ಇಳಿದು ಹ್ವಾದ್ರ ಮತ್ತ ಹತ್ತತಾರೇನ್ರಿ ಕಾಕಾ?”

ಏಪ್ರಿಲ್ 16ರಂದು ಪಾಲಿಕೆಯ ಅಧಿಕಾರಿ ಬಿಂದುಮಾಧವರು ಸ್ಥಳ ನೋಡಲು ಬರುವವರಿದ್ದರು. ಅಂದು ಬೆಳಿಗ್ಗೆಯೇ ಗುಡ್ಡವ್ವನವರು ಅಕ್ಕವ್ವನ ಬಾಗಿಲಿಗೆ ಹೋದರು.

“ಸಾಹೇಬ್ರು ಗಚ್ಚಿ ನೋಡಾಕ ಬರಾಕತ್ತಾರ. ಹೆಂಗ ಇರ್ತೈತೋ ಹಂಗ ನೋಡಲಿ. ಹೊರಸು ತಗೊಂಡ ಬಾ ಯಕ್ಕಾ.”

“ಮತ್ತ ಕಂಬ?”

“ಕಂಬ ಇನ್ನೂ ಬಂದಿಲ್ಲ. ಬಿಸಿಲು ಬಂದೈತಿ.”

ಅಕ್ಕವ್ವ ಸೆರಗು ಸಿಕ್ಕಿಸಿಕೊಂಡು ಮುಂದಿನ ಮನೆಯ ಬಾಗಿಲು ಬಡಿಯಲು ಹೊರಟರು.

ಬಿಂದುಮಾಧವರು ಬಂದಾಗ ಓಣಿಯವರ ಜೊತೆ ನಾನೂ ಮೆಟ್ಟಿಲು ಹತ್ತಿದೆ. ಮೇಲೆ ಅವರಿಗೆ ಕಾಲಿಡಲು ಜಾಗವಿರಲಿಲ್ಲ.

“ಚಪ್ಪಲಿ ಅಲ್ಲೇ ಬಿಡ್ರಿ ಸಾಹೇಬ್ರ,” ಎಂದರು ಅಕ್ಕವ್ವ. “ಕಂಪನಿಯವರ ಚೌಕ ಬೇಕಂದ್ರ ಸಂಡಿಗಿ ಕೆಳಗ ಅದಾವು.”

ಅಧಿಕಾರಿ ಮಹಾದೇವಪ್ಪನವರ ಕಡೆಗೆ ತಿರುಗಿದರು. “ಗಚ್ಚಿ ಖಾಲಿ ಅದ ಅಂದಿದ್ರೆಲ್ಲಾ?”

ಮಹಾದೇವಪ್ಪನವರು ಮೆಟ್ಟಿಲ ತುದಿಯಲ್ಲಿ ನಿಂತಿದ್ದರು. ಹೆಂಡತಿ ಅಕ್ಕವ್ವನ ಪಕ್ಕದಲ್ಲಿ ಕುಳಿತು ಶ್ಯಾವಿಗೆ ಬಿಡಿಸುತ್ತಿದ್ದುದನ್ನು ಅವರು ನೋಡಿದ್ದು ಅದೇ ಮೊದಲು. “ನಾ ಮಧ್ಯಾಹ್ನದಾಗ ಮನ್ಯಾಗ ಇದ್ದಾವಲ್ರಿ ಸಾಹೇಬ್ರ,” ಎಂದರು ನಿಧಾನವಾಗಿ. “ನೋಡಲಾರದ ಹೇಳೀನಿ. ನನ್ನ ಒಪ್ಪಿಗಿ ತಿರುಗಿ ತಗೋತೇನ್ರಿ.”

“ಛಲೋ ಆತು. ಹೆಂಗೂ ಈ ಸಣ್ಣ ಓಣ್ಯಾಗ ಅನುಮತಿ ಕೊಡೋದು ಕಠಿಣ ಇತ್ತು,” ಎಂದರು ಬಿಂದುಮಾಧವರು. “ದೊಡ್ಡ ರಸ್ತೇದಾಗ ಅಂಗಡಿ ಕಟ್ಟಡ ಅದಾವ, ಅಲ್ಲಿಗೆ ಅರ್ಜಿ ಹಾಕ್ರಿ ಅಂತ ಕಂಪನಿಗೆ ಹೇಳ್ತೇನಿ. ಸಿಗ್ನಲ್ ಎಲ್ಲಾರಿಗೂ ಬೇಕು, ಕಂಬ ಮಾತ್ರ ಮಗ್ಗಲಿನವರ ಮನಿ ಮ್ಯಾಲ ಇರಬೇಕು.” ಆಕ್ಷೇಪಣೆಗೆ ಸಹಿ ಮಾಡಿದವರೇ ಮೊದಲು ನಕ್ಕರು. ಗುಡ್ಡವ್ವನವರು ಬಿಂದುಮಾಧವರ ಕೈಗೆ ನೀರಿನ ತಂಬಿಗೆ ಕೊಟ್ಟರು. ಅವರು ಗಟಗಟನೆ ಕುಡಿದು ಇಳಿದು ಹೋದರು.

ಅಂಗಡಿ ಕಟ್ಟಡದ ಮೇಲೆ, ವಿಧಿವತ್ತಾಗಿ ಅನುಮತಿ ಪಡೆದ ಕಂಬ 2004ರ ಜನವರಿ 12ರಂದು ನಿಂತಿತು. ಓಣಿಯ ಕೊನೆಯವರೆಗೂ ಸಿಗ್ನಲ್ ಬಂತು. ಆ ಚೈತ್ರದಲ್ಲಿ ಮಹಾದೇವಪ್ಪನವರು ಗಚ್ಚಿಯ ಮೂಲೆಯಲ್ಲಿ ಕೊಡೆ ಬಿಚ್ಚಿ ಕುಳಿತು ಕಾಗೆ ಓಡಿಸುವ ಕೆಲಸ ಹಿಡಿದರು. ಒಂದು ದಿನ ಕೆಂಪು ಚೌಕಗಳನ್ನು ಅಳಿಸಲೆಂದು ಸುಣ್ಣದ ಬಕೆಟ್ ಹೊತ್ತು ತಂದರೆ ಅಕ್ಕವ್ವ ಅಡ್ಡ ನಿಂತರು.

“ಅದು ನಂದು ಚೌಕ. ಹೋದ ವರ್ಷನ ಹಿಡಿದಿಟ್ಟೀನಿ. ನೀವು ಆ ಕಾಗಿ ನೋಡ್ರಿ.”