ಎಂಟು ಮಿಲಿಮೀಟರ್ ಆಲಿಕಲ್ಲು

ದತ್ತಾತ್ರೇಯರ ಉದ್ಯೋಗ ಕಾರಿನ ತಗಡಿಗೆ ಆಲಿಕಲ್ಲು ಹೊಡೆಯುವುದು. ದಿಲ್ಲಿ ಪಕ್ಕದ ಮಾನೇಸರಿನ ಬಿಡಿಭಾಗಗಳ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಇದ್ದಾರೆ. ನೀರನ್ನು ಗುಂಡಗೆ ಹೆಪ್ಪುಗಟ್ಟಿಸಿ, ಗಾಳಿ ತುಂಬಿದ ಕೊಳವೆಯಿಂದ ಕಾರಿನ ಚಾವಣಿಯ ಮೇಲೆ ಹಾರಿಸಿ, ಬಿದ್ದ ತಗ್ಗನ್ನು ಅಳೆದು ಬರೆದಿಡುತ್ತಾರೆ. ಬಾಗಿದ ಅಂಚು ಪೆಟ್ಟು ತಾಳುತ್ತದೆ, ಚಪ್ಪಟೆಯಾದ ನಡುಭಾಗ ತಗ್ಗುತ್ತದೆ ಎಂಬುದು ಅವರ ಒಟ್ಟು ಜೀವನದರ್ಶನ. ಇದು ಮನುಷ್ಯರಿಗೂ ಅನ್ವಯಿಸುತ್ತದೆಂದು ಅವರು ಎಂದೂ ಹೇಳಿದವರಲ್ಲ. ತಗಡು ಬಿಟ್ಟು ಬೇರೆ ಮಾತಾಡಿದವರೇ ಅಲ್ಲ.

ಹರಿಹರದ ಕಾರ್ಖಾನೆ ಕಾಲೊನಿಯಲ್ಲಿ ಬೆಳೆದ ಅವರಿಗೆ ತಂದೆ ಕಲಿಸಿದ್ದು ಒಂದೇ ಪಾಠ: ಸುಳ್ಳು ಅಳತೆಗೆ ಸಹಿ ಹಾಕಬಾರದು. ಹಾಕಿಯೂ ಇಲ್ಲ. ಹೆಂಡತಿ ಇಂದಿರಾಗೆ ದಿಲ್ಲಿಯ ಆರ್.ಕೆ.ಪುರಂನಲ್ಲಿ ಸರಕಾರಿ ಕ್ವಾರ್ಟರ್ಸ್ ಸಿಕ್ಕಿತ್ತು. ದತ್ತಾತ್ರೇಯರ ಸ್ವಂತ ಸಂಪಾದನೆ ಎಂದರೆ ಆ ಸಹಿಯೇ.

ಮೂರು ವರ್ಷದ ಹಿಂದೆ ಕಾರು ಕಂಪನಿಯವರು, ದಿಲ್ಲಿಯ ಆಲಿಕಲ್ಲು ಎಷ್ಟು ದೊಡ್ಡದು ಎಂದು ಕೇಳಿದರು. ಒಂದು ಬೆಳಿಗ್ಗೆ ಕ್ವಾರ್ಟರ್ಸ್ ತಾರಸಿಯ ಮೇಲೆ ಬಿದ್ದ ಇಪ್ಪತ್ತು ಕಲ್ಲುಗಳನ್ನು ದತ್ತಾತ್ರೇಯರು ಸ್ಟೀಲ್ ಡಬ್ಬಿಗೆ ತುಂಬಿಕೊಂಡರು. ಮನೆಯಲ್ಲೇ ಅಳೆಯುವಂತಿರಲಿಲ್ಲ. ಪ್ರಮಾಣಪತ್ರವಿರುವ ವರ್ನಿಯರ್ ಎಂಬ ಅಳತೆ ಸಾಧನ ಗೇಟ್‌ಪಾಸ್ ಇಲ್ಲದೆ ಕಾರ್ಖಾನೆಯ ಹೊರಗೆ ಬರುವುದಿಲ್ಲ, ಪ್ರಮಾಣಪತ್ರವಿಲ್ಲದ ಸಾಧನದಲ್ಲಿ ಅವರು ಅಳೆಯುವುದಿಲ್ಲ. ಹೆದ್ದಾರಿಯ ಜಾಮ್ ದಾಟಿ ಮಾನೇಸರ್ ತಲುಪಿದಾಗ ಹನ್ನೊಂದು ಕಲ್ಲು ನೀರಿನಲ್ಲಿ ತೇಲುತ್ತಿದ್ದವು. ಸರಾಸರಿ 8.214 ಮಿಲಿಮೀಟರ್. ದಶಮಾಂಶದ ಮೂರು ಸ್ಥಾನ ಕಂಡವರಾರೂ ಮುಂದೆ ಪ್ರಶ್ನೆ ಕೇಳಲಿಲ್ಲ. ಅಂದಿನಿಂದ ಅದೇ ಕಾರ್ಖಾನೆಯ ಅಧಿಕೃತ ಆಲಿಕಲ್ಲು.

ಈ ವರ್ಷ ಇನ್ನೂ ತೆಳುವಾದ ಚಾವಣಿಯೊಂದು ಬಂತು. ಅಧಿಕೃತ ಆಲಿಕಲ್ಲಿಗೆ ಅದು ಜಗ್ಗಲೇ ಇಲ್ಲ. ಶುಕ್ರವಾರ ವರದಿಗೆ ಸಹಿಯಾಗಬೇಕು. ಬುಧವಾರ ಸಂಜೆ ಆಕಾಶ ಕಪ್ಪಾಯಿತು. ಕ್ವಾರ್ಟರ್ಸ್‌ನ ಗಂಡಸರೆಲ್ಲ ರಜಾಯಿ, ಹಾಸಿಗೆ, ಕಾಲೊರಸು ಹಿಡಿದು ಕಾರುಗಳತ್ತ ಓಡಿದರು. ದತ್ತಾತ್ರೇಯರು ಬಾಲ್ಕನಿಯಲ್ಲಿ ಕೈಕಟ್ಟಿ ನಿಂತರು.

ಕೆಳಮನೆಯ ನಾರಾಯಣಸ್ವಾಮಿ ತಲೆಯೆತ್ತಿ ಕೂಗಿದರು: "ಏನ್ರೀ ದತ್ತಾತ್ರೇಯ, ಹಳೇ ರಜಾಯಿ ಒಂದಿದೆ, ನಿಮ್ಮ ಕಾರಿಗೆ ಹೊದಿಸ್ಲಾ?"

"ಬೇಡ ಸ್ವಾಮಿ. ಆ ಚಾವಣಿ ಪಾಸ್ ಮಾಡಿದ್ದೇ ನಾನು."

"ಅದಕ್ಕೇ ಕೇಳಿದ್ದು."

ಹತ್ತು ನಿಮಿಷ ಸುರಿಯಿತು. ದತ್ತಾತ್ರೇಯರ ಕಾರಿನ ಚಾವಣಿಯಲ್ಲಿ ಅರವತ್ತಮೂರು ತಗ್ಗು, ಎಲ್ಲವೂ ನಡುಭಾಗದಲ್ಲಿ. ಸಿದ್ಧಾಂತ ನಿಜವಾಯಿತಲ್ಲ ಎಂಬ ತೃಪ್ತಿ ಅವರಿಗೆ ಅರೆಕ್ಷಣ ಆಗದಿರಲಿಲ್ಲ. ಆಮೇಲೆ ಒಂದು ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಒಳಗೆ ಬಂದರು. ಬೆಟ್ಟದ ನೆಲ್ಲಿಕಾಯಿಯಷ್ಟಿತ್ತು.

"ನಿಮ್ಮ ಎಂಟು ಮಿಲಿಮೀಟರ್ ಅಂದ್ರೆ ಎಷ್ಟು?" ಇಂದಿರಾ ಕೇಳಿದರು.

"ಕಡಲೆಕಾಳಿನಷ್ಟು."

"ಅವತ್ತು ನೀರಲ್ಲಿ ತೇಲ್ತಿದ್ದದ್ದನ್ನ ಅಳೆಯೋವಾಗ ನಿಮಗೇನೂ ಅನ್ನಿಸ್ಲಿಲ್ವಾ?"

"ವರ್ನಿಯರ್ ಸರಿಯಾಗೇ ಇತ್ತು."

ಇಪ್ಪತ್ತೆರಡು ವರ್ಷ ಕೇಂದ್ರ ಸಚಿವಾಲಯದಲ್ಲಿ ಕೆಲಸ ಮಾಡಿದ ಇಂದಿರಾಗೆ ಈ ಉತ್ತರ ಹೊಸದಲ್ಲ. ದತ್ತಾತ್ರೇಯರು ಮಾತ್ರ ಅಂದು ಊಟ ಮಾಡಲಿಲ್ಲ. ತಾವು ಸುಳ್ಳು ಅಳತೆಗೆ ಸಹಿ ಹಾಕಿ ಮೂರು ವರ್ಷವಾಗಿತ್ತು; ಶುಕ್ರವಾರ ಇನ್ನೊಮ್ಮೆ ಹಾಕಬೇಕಿತ್ತು.

ಗುರುವಾರ, ರಾತ್ರಿಯೆಲ್ಲ ಫ್ರೀಜರಿನಲ್ಲಿಟ್ಟಿದ್ದ ಐದು ಕಲ್ಲುಗಳನ್ನು ಐಸ್ ತುಂಬಿದ ಥರ್ಮಾಸಿನಲ್ಲಿ ಒಯ್ದು, ಅದೇ ವರ್ನಿಯರಿನಲ್ಲಿ ಅಳೆದು, ಪ್ಲಾಂಟ್ ಮ್ಯಾನೇಜರ್ ಅಹ್ಲಾವತರ ಮುಂದಿಟ್ಟರು. ಇಪ್ಪತ್ತೆಂಟು ಮಿಲಿಮೀಟರ್.

"ದತ್ತಾಜೀ, ಮೊದಲ ಸಲ ಯಾವುದರಲ್ಲಿ ತಂದಿದ್ದಿರಿ?"

"ಸ್ಟೀಲ್ ಡಬ್ಬಿಯಲ್ಲಿ."

"ಹಾಗಿದ್ದರೆ ಈ ಸಲವೂ ಡಬ್ಬಿಯಲ್ಲೇ ತರಬೇಕಿತ್ತು. ವಿಧಾನ ಬದಲಾದರೆ ಅಳತೆ ಹೇಗೆ ಒಪ್ಪಲಿ?"

"ಸರ್, ಡಬ್ಬಿಯಲ್ಲಿ ಕರಗುತ್ತೆ."

"ಕರಗಲಿ. ಪ್ರತಿಸಲವೂ ಒಂದೇ ರೀತಿ ಕರಗಬೇಕು, ಅಷ್ಟೇ. ಗುಣಮಟ್ಟ ಅಂದರೆ ಅದೇ ಅಲ್ಲವೇ?"

ಶುಕ್ರವಾರ ದತ್ತಾತ್ರೇಯರು ಷರಾ ಬರೆಯುವ ಜಾಗದಲ್ಲಿ ನಾಲ್ಕು ಸಾಲು ಬರೆದರು. ಈ ಗಾತ್ರವು ಆರ್.ಕೆ.ಪುರಂನಿಂದ ಮಾನೇಸರಿಗೆ ಸ್ಟೀಲ್ ಡಬ್ಬಿಯಲ್ಲಿ ಪ್ರಯಾಣ ಮಾಡಿದ ಆಲಿಕಲ್ಲಿನದು; ಬೀಳುವಾಗ ಅದು ಬಹಳ ದೊಡ್ಡದಿತ್ತು; ಬುಧವಾರದ ಕಲ್ಲು ಇಪ್ಪತ್ತೆಂಟು ಮಿಲಿಮೀಟರ್; ಅದಕ್ಕೆ ಈ ಚಾವಣಿ ತಾಳಲಾರದು. ಕೆಳಗೆ ಸಹಿ ಹಾಕಿದರು. ವರದಿ ವಾಪಸಾಗುತ್ತದೆ, ತಮ್ಮ ನೌಕರಿಯೂ ಹೋಗಬಹುದು ಎಂದುಕೊಂಡು ಮೇಜಿನ ಖಾನೆ ಖಾಲಿ ಮಾಡಿಟ್ಟರು.

ಸೋಮವಾರ ಕಾರು ಕಂಪನಿಯ ತಪಾಸಣಾಧಿಕಾರಿ ಬಂದ. ಷರಾವನ್ನು ಪೂರ್ತಿ ಓದಿದ. ಮಾದರಿಯ ಪ್ರಯಾಣದ ವಿವರವನ್ನು ಇಷ್ಟು ಪ್ರಾಮಾಣಿಕವಾಗಿ ದಾಖಲಿಸಿದ ಕಾರ್ಖಾನೆಯನ್ನು ತಾನು ಕಂಡಿಲ್ಲವೆಂದು ಹೇಳಿ ದತ್ತಾತ್ರೇಯರ ಕೈ ಕುಲುಕಿದ. ಕೊನೆಯ ಸಾಲಿನ ಪಕ್ಕದಲ್ಲಿ 'ಗಮನಿಸಲಾಗಿದೆ' ಎಂದು ಬರೆದ. ಚಾವಣಿ ಪಾಸಾಯಿತು.

ಸಂಜೆ ಅಹ್ಲಾವತ್ ಹೊಸ ಕಾರ್ಯವಿಧಾನದ ಕರಡನ್ನು ಕಳಿಸಿಕೊಟ್ಟರು: ಆಲಿಕಲ್ಲನ್ನು ಅಳೆಯುವ ಮುನ್ನ ಸ್ಟೀಲ್ ಡಬ್ಬಿಯಲ್ಲಿ ಎರಡು ಗಂಟೆ ಪ್ರಯಾಣ ಮಾಡಿಸತಕ್ಕದ್ದು. ದತ್ತಾತ್ರೇಯರು ಅದನ್ನು ಎರಡು ಸಲ ಓದಿದರು. ಪೆನ್ನು ತೆಗೆದು, 'ಎರಡು ಗಂಟೆ' ಎಂಬುದನ್ನು ಹೊಡೆದುಹಾಕಿ, 'ಒಂದು ಗಂಟೆ ಐವತ್ತು ನಿಮಿಷ' ಎಂದು ತಿದ್ದಿದರು. ಅವತ್ತು ಜಾಮ್ ದಾಟಿ ಬರಲು ಹಿಡಿದಿದ್ದದ್ದು ಅಷ್ಟೇ. ಸುಳ್ಳು ಅಳತೆಗೆ ಅವರು ಸಹಿ ಹಾಕುವವರಲ್ಲ.