ಖಾಲಾ ಸಾಕಿದ ಕಿತ್ತಳೆ ಗಿಡ

ಮೊನ್ನೆ ಸೊಸೆ ಕಿತ್ತಳೆ ಸುಲಿದು ಸಿಪ್ಪೆಯನ್ನು ಒಲೆಗೆ ಹಾಕಿದಳು. ಆ ವಾಸನೆಗೆ ಹುಣಸೂರಿನ ಹಿತ್ತಲು ನೆನಪಾಯಿತು... ಪಕ್ಕದ ಮನೆಯ ಖಾಲಾ ನೆನಪಾದರು.

ನಾನು ಮದುವೆಯಾಗಿ ಹುಣಸೂರಿಗೆ ಬಂದದ್ದು ಮಹಾರಾಜರ ಕಾಲದಲ್ಲಿ. ಗೋಡೆಯಾಚೆ ಕುದುರೆ ಜೀನು ಹೊಲಿಯುವವರ ಮನೆ. ಅವರ ಹೆಂಡತಿಯನ್ನು ಕೇರಿಯವರೆಲ್ಲ ಖಾಲಾ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ತಿಂದ ಹಣ್ಣಿನ ಬೀಜವನ್ನು ಅವರು ಎಸೆದದ್ದು ನಾನು ಕಂಡಿಲ್ಲ. ಸೀಬೆ, ದಾಳಿಂಬೆ, ಸೀತಾಫಲ... ಬಾಯಿ ಒಡೆದ ಮಡಕೆ, ಸೀಮೆಎಣ್ಣೆ ಡಬ್ಬ, ಏನು ಸಿಕ್ಕರೂ ಮಣ್ಣು ತುಂಬಿ ಊರುತ್ತಿದ್ದರು.

"ಬಾಡಿಗೆ ಮನೆ ಕಣವ್ವ. ನೆಲದಾಗೆ ನೆಟ್ರೆ ಬುಟ್ಟೋಗ್ಬೇಕಾಯ್ತದೆ," ಎನ್ನುತ್ತಿದ್ದರು.

ಒಂದು ಕಿತ್ತಳೆ ಗಿಡವನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಕೊಡಗಿನ ಗಾಡಿಯವನು ಕೊಟ್ಟ ಹಣ್ಣು ತಿಂದು, ಅವರ ಒಬ್ಬಳೇ ಮಗಳು ಅದರ ಬೀಜ ಊರಿದ್ದಳಂತೆ. ಮೊಳಕೆ ಎರಡೆಲೆ ಬಿಡುವಷ್ಟರಲ್ಲಿ ಹುಡುಗಿ ಜ್ವರ ಬಂದು ಹೋಗಿಬಿಟ್ಟಳು. ಆರು ವರ್ಷ ಖಾಲಾ ಅದನ್ನು ಮಡಕೆಯಿಂದ ಮಡಕೆಗೆ ಬದಲಿಸುತ್ತ ಸಾಕಿದ್ದರು.

ಒಂದು ಬೇಸಿಗೆಯಲ್ಲಿ, ಪಿರಿಯಾಪಟ್ಟಣದ ತಂಗಿಗೆ ಕಾಯಿಲೆಯೆಂದು ಅವರು ಹೊರಟರು. "ದಿನಾ ಒಂದ್ ಚೊಂಬು ನೀರು ಆಕವ್ವ, ಸಾಕು. ಬೇರೇನೂ ಮಾಡ್ಬ್ಯಾಡ," ಎಂದರು.

ಮಡಕೆಯ ತೂತಿನಿಂದ ಬೇರು ಹೊರಗೆ ಇಣುಕುತ್ತಿತ್ತು. ನಮ್ಮದು ಸ್ವಂತ ಮನೆ. ನಮ್ಮ ಹಿತ್ತಲ ನೆಲದಲ್ಲಿಟ್ಟರೆ ಬೇಗ ಹೂ ಬಿಟ್ಟೀತು, ಖಾಲಾ ಬಂದು ಬೆರಗಾದಾರು ಎಂದುಕೊಂಡೆ. ಮರ ನಮ್ಮದೂ ಆಗುತ್ತದೆಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ. ಮಡಕೆ ಒಡೆದೆ. ಸುರುಳಿ ಸುತ್ತಿಕೊಂಡಿದ್ದ ಬೇರು ಗುಂಡಿಯಲ್ಲಿ ಹಿಡಿಸಲಿಲ್ಲ. ಕುಡುಗೋಲಿನಿಂದ ಅರ್ಧಕ್ಕರ್ಧ ಕತ್ತರಿಸಿದೆ. ನಾಲ್ಕೇ ದಿನಕ್ಕೆ ಎಲೆಯೆಲ್ಲ ಉದುರಿತು...

ಖಾಲಾ ಬಂದವರು ಆ ಒಣಕಡ್ಡಿಯ ಮುಂದೆ ಕುಕ್ಕರಿಸಿದರು. ಉಗುರಿನಿಂದ ತೊಗಟೆ ಕೆರೆದು ನೋಡಿದರು. ಒಳಗೆ ಹಸಿರಿರಲಿಲ್ಲ.

"ಮಡಕೆ ತಾನೇ ಬಿರೀತು ಖಾಲಾ. ನೆಲಕ್ಕಿಟ್ಟೆ, ಗೆದ್ದಲು ತಿಂದ್ಬುಡ್ತು," ಎಂದೆ. ಹೇಳುತ್ತಲೇ ಅಳು ಬಂತು.

ಅವರು ತಮ್ಮ ಸೆರಗಿನಿಂದ ನನ್ನ ಕಣ್ಣೊರೆಸಿದರು. "ಅಳಬ್ಯಾಡ ಬುಡವ್ವ. ಉಳಿಸ್ಬೇಕು ಅಂತ್ಲೇ ನೆಟ್ಟಿದ್ದೀಯ. ನೀನೇನ್ ಮಾಡೀಯ?"

ಆಮೇಲೆ ಅವರು ಬೀಜ ಊರಲಿಲ್ಲ. ಮರುವರ್ಷ ಹುಣಸೂರು ಬಿಟ್ಟು ಕೋಟೆ ಎಂಬ ಊರಿಗೆ ಮನೆ ಬದಲಿಸುವಾಗ, ಉಳಿದ ಗಿಡಗಳನ್ನೆಲ್ಲ ನನ್ನನ್ನು ನಂಬಿ ನನಗೇ ಕೊಟ್ಟರು.

ನಿಜ ಹೇಳಿಬಿಡೋಣವೆಂದು ಒಮ್ಮೆ ಕೋಟೆಯ ದಾರಿ ಹಿಡಿದವಳು ಊರು ಇನ್ನೇನು ಸಿಕ್ಕಿತೆನ್ನುವಾಗ ಹ್ಯಾಂಡ್‌ಪೋಸ್ಟಿನ ಕೂಡುರಸ್ತೆಯಿಂದಲೇ ಹಿಂತಿರುಗಿದೆ. ಧೈರ್ಯ ಸಾಲಲಿಲ್ಲ. ಖಾಲಾ ತೀರಿಕೊಂಡು ಎಷ್ಟೋ ವರ್ಷಗಳಾದವು. ಹೇಳಿದ್ದರೆ ಬೈಯುತ್ತಿದ್ದರೋ, ಮುಖ ತಿರುಗಿಸುತ್ತಿದ್ದರೋ... ಬೈಸಿಕೊಳ್ಳಬೇಕಾಗಿತ್ತು. ಈಗ ಬೈಯುವವರೂ ಇಲ್ಲ.